22 ಅಂಕ ಯಾರವು?

ಗದಗಿನಿಂದ ಗಜೇಂದ್ರಗಡದ ಕಡೆ ಹೊರಟ ಬಸ್ಸು ಕೋಟುಮಚಗಿ ದಾಟಿ ನರೇಗಲ್ಲಿನ ಹಾದಿ ಹಿಡಿದರೆ ಎರಡೂ ಬದಿಗೆ ಎರೆ ಹೊಲಗಳೇ. ಅವತ್ತು 2019ರ ಜನವರಿ 5, ಶನಿವಾರ, ಎಳ್ಳಮಾವಾಸ್ಯೆ. ಆ ಸಲ ಹಿಂಗಾರು ಕೈಕೊಟ್ಟಿತ್ತು. ಎದೆಯೆತ್ತರ ಬರಬೇಕಿದ್ದ ಜೋಳ ಮೊಣಕಾಲಿನ ಮಟ್ಟಕ್ಕೇ ನಿಂತಿತ್ತು. ಕಡಲೆ ಸಾಲುಗಳ ನಡುವೆ ನೆಲ ಬಿರಿದದ್ದು ಬಸ್ಸಿನ ಕಿಟಕಿಗೂ ಕಾಣುತ್ತಿತ್ತು. ಆದರೂ ಚರಗ ಚೆಲ್ಲುವುದನ್ನು ಯಾರೂ ಬಿಟ್ಟಿರಲಿಲ್ಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕರಿಗಡುಬು, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವರು, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಭೂತಾಯಿಗೆ ಉಣಿಸಿ, ತಾವೂ ಉಂಡು, ಸಂಜೆ ಇಳಿಬಿಸಿಲಿಗೆ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಊರಿಗೆ ಮರಳುತ್ತಿದ್ದರು.

ನರೇಗಲ್ಲಿನಲ್ಲಿ ಬಸ್ಸು ಹತ್ತಿದ ಒಬ್ಬ ಹುಡುಗ ನನ್ನ ಪಕ್ಕ ಕೂತ. ಕೈಯಲ್ಲಿ ಬುತ್ತಿಯ ಗಂಟು ಇತ್ತು. ಅಕ್ಕನ ಊರಿಗೆ ಚರಗಕ್ಕೆ ಬಂದಿದ್ದನಂತೆ. ಉಳಿದುಕೊಳ್ಳಲು ಅಕ್ಕ ಎಷ್ಟು ಹೇಳಿದರೂ ಕೇಳದೆ ಹೊರಟು ಬಂದಿದ್ದ.

"ಯಾಕಪ್ಪಾ, ಇಷ್ಟು ಅವಸರ?" ಎಂದೆ.

"ಎಂಟಕ್ಕ ಫೈನಲ್ ಐತ್ರಿ. ಅಕ್ಕನ ಮನ್ಯಾಗ ಟಿ.ವಿ. ಕೆಟ್ಟದ. ನಮ್ಮ ಗೆಳ್ಯಾರೆಲ್ಲಾ ಹೋಟೆಲಿನ್ಯಾಗ ಕೂಡತಾರ್ರಿ."

ಮುಂಬೈಯ ವರ್ಲಿಯಲ್ಲಿ ಆ ರಾತ್ರಿ ಪ್ರೊ ಕಬಡ್ಡಿ ಲೀಗಿನ 6ನೇ ಆವೃತ್ತಿಯ ಅಂತಿಮ ಪಂದ್ಯವಿತ್ತು. ಬೆಂಗಳೂರು ಬುಲ್ಸ್ ಒಂದು ಕಡೆ, ಗುಜರಾತ್ ಫಾರ್ಚೂನ್ ಜೈಂಟ್ಸ್ ಇನ್ನೊಂದು ಕಡೆ. ನಾನು ಗಜೇಂದ್ರಗಡಕ್ಕೆ ಹೊರಟದ್ದು ಕಾಲಕಾಲೇಶ್ವರನ ಗುಡ್ಡ ಮತ್ತು ಕೋಟೆ ನೋಡಲು. ಆದರೆ ಆ ಪ್ರವಾಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಪಂದ್ಯ ಮುಗಿದ ಮೇಲೆ ನಡೆದ ಮಾತು. ಗೆದ್ದವರು ಯಾರೆಂಬುದು ಪರದೆಯ ಮೇಲೆ ತೀರ್ಮಾನವಾಗಿತ್ತು. ಗೆಲ್ಲಿಸಿದವರು ಯಾರೆಂಬುದು ಮಾತ್ರ ಮರುದಿನ ಮಧ್ಯಾಹ್ನದವರೆಗೂ ತೀರ್ಮಾನವಾಗಲಿಲ್ಲ.

ಊರು ಹತ್ತಿರವಾದಂತೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳು ಸಾಲಾಗಿ ಕಾಣಿಸಿದವು. ಊರಿನ ಜನ ಅವನ್ನು ಫ್ಯಾನು ಎನ್ನುತ್ತಾರೆ. ಇದು ನೇಕಾರರ ಊರು. ಒಳಗಿನ ಓಣಿಗಳಲ್ಲಿ ಹಾದರೆ ಮಗ್ಗದ ಸಪ್ಪಳ ಕೇಳುತ್ತದೆ. ಎರಡೂ ಮಗ್ಗುಲು ತಿರುಗಿಸಿ ಉಡಬಹುದಾದ ಪಟ್ಟೇದ ಅಂಚಿನ ದಪ್ಪ ಹತ್ತಿ ಸೀರೆ ಈ ನೆಲದ್ದು. ಬಿಸಿಲಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದ ಗಟ್ಟಿ ಸೀರೆ. ಮೊದಲು ರೋಣ ತಾಲೂಕಿನಲ್ಲಿದ್ದ ಗಜೇಂದ್ರಗಡ ಈಗ ತಾನೇ ಒಂದು ತಾಲೂಕು ಕೇಂದ್ರ.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಎಂಟು ಗಂಟೆಗೆ ನಿಲ್ಲಲೂ ಜಾಗವಿರಲಿಲ್ಲ. ಬೆಂಚಿನ ಮೇಲೆ ಹಿರಿಯರು, ನೆಲದ ಮೇಲೆ ಹುಡುಗರು, ಬಾಗಿಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಬಂದವರು. ಒಲೆಯ ಮೇಲೆ ಮಿರ್ಚಿ ಭಜಿ ಬೇಯುತ್ತಿತ್ತು. ಬಸ್ಸಿನ ಹುಡುಗ ನನಗೂ ಒಂದಿಷ್ಟು ಜಾಗ ಮಾಡಿಸಿದ. "ಧಾರವಾಡದಿಂದ ಬಂದಾರ್ರಿ" ಎಂದು ಪಕ್ಕದವರಿಗೆ ಹೇಳಿದ. ಅಷ್ಟೇ ಪರಿಚಯ ಸಾಕಾಯಿತು.

ಮೊದಲರ್ಧ ಮುಗಿದಾಗ ಬುಲ್ಸ್ 9, ಗುಜರಾತ್ 16. ಹೋಟೆಲು ತಣ್ಣಗಾಯಿತು. ಗುಜರಾತಿನ ತಂಡ ಹಿಂದಿನ ಆವೃತ್ತಿಯಲ್ಲೂ ಫೈನಲಿಗೆ ಬಂದು ಪಾಟ್ನಾ ಪೈರೇಟ್ಸ್ ಎದುರು ಸೋತಿತ್ತು. ಆ ಸೋಲಿನ ಲೆಕ್ಕ ತೀರಿಸಿಕೊಳ್ಳಲೆಂದೇ ಬಂದಂತೆ ಅವರ ಹಿಡಿತವಿತ್ತು. ಒಬ್ಬಿಬ್ಬರು ಎದ್ದು ಮನೆಗೆ ಹೋದರು. ಆಮೇಲೆ ಉಳಿದ 20 ನಿಮಿಷ ಪವನ್ ಸೆಹ್ರಾವತ್ ಎಂಬ ದಿಲ್ಲಿಯ ಹುಡುಗ ಆಡಿದ ಆಟವನ್ನು ಆ ಹೋಟೆಲಿನಲ್ಲಿದ್ದ ಯಾರೂ ಬೇಗ ಮರೆಯಲಾರರು. ದಾಳಿಗೆ ಹೋದವನು ಹಿಡಿಯಲು ಬಂದವರ ಮೇಲೆ ಹಾರಿ ಗೆರೆ ಮುಟ್ಟುತ್ತಿದ್ದ. ಕಾಲು ಸಿಕ್ಕಿತೆಂದರೆ ಮೈ ತಿರುಗಿಸಿ ಜಾರುತ್ತಿದ್ದ. ಒಬ್ಬೊಬ್ಬರನ್ನು ಮುಟ್ಟಿ ಬಂದಾಗಲೂ ನೆಲದ ಮೇಲೆ ಕೂತ ಹುಡುಗರು ಎದ್ದು ಕುಣಿದರು. ಎರಡನೇ ಅರ್ಧದಲ್ಲಿ ಬುಲ್ಸ್ 29 ಅಂಕ ಗಳಿಸಿತು. ಕೊನೆಗೆ 38–33. ಬೆಂಗಳೂರಿಗೆ ಮೊದಲ ಕಪ್. ಪವನನ ಪಾಲು 22.

ಪಟಾಕಿ ಹಚ್ಚಿ ಬಂದು ಕೂತ ಮೇಲೆ ಮಾತು ಶುರುವಾಯಿತು.

"ಒಬ್ಬನ ಗೆಲ್ಲಿಸ್ಯಾನ್ರಿ. ಪವನ್ ಇಲ್ಲದಿದ್ರ ನಾವೆಲ್ಲಿ?" ಎಂದ ಬಸ್ಸಿನ ಹುಡುಗ.

ಅವನ ಗೆಳೆಯರು ತಲೆಯಾಡಿಸಿದರು. ಬೆಂಚಿನ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ ಚಾದ ಗ್ಲಾಸು ಕೆಳಗಿಟ್ಟರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನೇಕಾರರು. ಹರೆಯದಲ್ಲಿ ಸುತ್ತಲಿನ ಜಾತ್ರೆಗಳಲ್ಲೆಲ್ಲ ಕಬಡ್ಡಿ ಆಡಿದವರು.

"ತಮ್ಮಾ, ಮೂವತ್ತೆಂಟರಾಗ ಇಪ್ಪತ್ತೆರಡು ಕಳದ್ರ ಎಷ್ಟ ಉಳೀತು?"

"ಹದಿನಾರ್ರಿ ಕಾಕಾ."

"ಗೆದ್ದದ್ದು ಎಷ್ಟರಿಂದ?"

"ಐದು."

"ಹಂಗಾದ್ರ ಆ ಹದಿನಾರು ಯಾರ್ ತಂದ್ರು, ಅದನ್ನ ಹೇಳು ಮೊದಲ."

ಹುಡುಗ ಹೆಸರು ಹುಡುಕಿದ. ಒಂದೆರಡು ನೆನಪಾದವು. ಅಷ್ಟರಲ್ಲಿ ಕಾಲೇಜು ಓದುವ ಇನ್ನೊಬ್ಬ ಮಧ್ಯೆ ಬಂದ. "ಕಾಕಾ, ಹದಿನಾರು ಉಳಿದವರೆಲ್ಲಾ ಹಂಚಿಕೊಂಡು ತಂದದ್ದು. ಇಪ್ಪತ್ತೆರಡು ಒಬ್ಬನ ತಂದದ್ದು. ಎರಡೂ ಒಂದ ಹೆಂಗಾಗ್ತಾವ್ರಿ?"

ಅದು ಒಳ್ಳೆಯ ಪ್ರಶ್ನೆ. ಕಾಕಾ ಅದನ್ನು ತಳ್ಳಿಹಾಕಲಿಲ್ಲ. ಅವರು ಉತ್ತರಿಸಿದ ರೀತಿಯಿಂದಲೇ ಈ ಬರಹ ಹುಟ್ಟಿದೆ.

ಕಬಡ್ಡಿಯಲ್ಲಿ ಔಟಾದವನು ಕ್ರಿಕೆಟ್ಟಿನಲ್ಲಿ ಆದಂತೆ ಆಟ ಮುಗಿಸಿ ಹೋಗುವುದಿಲ್ಲ. ಅಂಕಣದ ಹೊರಗೆ ಕಾದು ಕೂಡುತ್ತಾನೆ. ತನ್ನ ತಂಡದವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಒಬ್ಬನಿಗೆ ಜೀವ ಬರುತ್ತದೆ. ಅದೂ ಸರದಿಯ ಪ್ರಕಾರ: ಮೊದಲು ಔಟಾದವನು ಮೊದಲು ಒಳಗೆ ಬರಬೇಕು. ಬೋನಸ್ ಗೆರೆ ದಾಟಿದರೆ ಅಂಕ ಸಿಗುತ್ತದೆ, ಜೀವ ಸಿಗುವುದಿಲ್ಲ. ಹೀಗಾಗಿ ಎಷ್ಟೇ ದೊಡ್ಡ ದಾಳಿಗಾರನಾಗಲಿ, ಹಿಡಿತಕ್ಕೆ ಸಿಕ್ಕು ಮೂರನೆಯವನಾಗಿ ಹೊರಗೆ ಕೂತರೆ, ತನ್ನವರು ಮೂರು ಜನರನ್ನು ಔಟ್ ಮಾಡುವವರೆಗೆ ಅವನು ಬರೀ ನೋಡುಗ. ಆಟದ ಒಟ್ಟು ಹೊತ್ತು 40 ನಿಮಿಷ, ಒಂದು ದಾಳಿಗೆ 30 ಸೆಕೆಂಡು. ಹೊರಗೆ ಕೂತ ಒಂದೊಂದು ನಿಮಿಷವೂ ಅವನು ಗಳಿಸದ ಅಂಕ.

"ರೇಡರ್ ಅಂದ ಮ್ಯಾಲ ಔಟ್ ಆಗಾವನ. ಅದರಾಗ ಅವನ ತಪ್ಪಿಲ್ಲ" ಎಂದರು ಕಾಕಾ. "ಆದ್ರ ಅವನ್ನ ತಿರುಗಿ ಒಳಗ ಕರಕೊಂಡ್ ಬಂದವ್ರು ಯಾರು? ಅಲ್ಲೊಬ್ಬ ಎಡಗಡೆ ಮೂಲ್ಯಾಗ ನಿಂತು ಆಂಕಲ್ ಹಿಡದಿರ್ತಾನ. ಇನ್ನೊಬ್ಬ ಬಂದು ಕವರಿನಿಂದ ಡ್ಯಾಶ್ ಹೊಡದಿರ್ತಾನ. ಒಂದ ಪಾಯಿಂಟು. ಆ ಒಂದರ ಬೆನ್ನಿಗೆ ರೇಡರ್ ಒಳಗ ಬಂದು ಐದು ತರ್ತಾನ. ಐದರ ಹೆಸರು ಅವನ ಮ್ಯಾಲ ಬರೀತಾರ. ಒಂದರ ಹೆಸರು ಯಾರ್ ನೆನಪಿಡ್ತಾರ?"

ಆಮೇಲೆ ತಮ್ಮ ಕಸುಬಿನ ಮಾತು ಹೇಳಿದರು. "ಸೀರಿ ನೋಡಿದವ್ರು ಅಂಚು ನೋಡಿ ಚಂದ ಐತಿ ಅಂತಾರ. ಹಾಸು ಗಟ್ಟಿ ಇರದಿದ್ರ ಅಂಚು ಎದರ ಮ್ಯಾಲ ನಿಂದರಬೇಕು?"

ಕಾಲೇಜು ಹುಡುಗ ಸುಮ್ಮನಾಗಲಿಲ್ಲ. "ಹಾಸು ಎಲ್ಲಾ ತಂಡಕ್ಕೂ ಇರ್ತದ್ರಿ ಕಾಕಾ. ಗುಜರಾತಿಗೂ ಇತ್ತು, ಅವರದು ಇನ್ನೂ ಗಟ್ಟಿ. ಪವನ್ ಹ್ವಾದ ಸಲ ಅದ ಗುಜರಾತಿನ್ಯಾಗ ಇದ್ದ. ಆಡಿಸದ ಹೊರಗ ಕುಂದ್ರಸಿದ್ರು. ಇವತ್ತ ಅವರ ಎದುರ ಆಡಿ ತೋರಿಸ್ಯಾನ. ಅಷ್ಟು ಒತ್ತಡದಾಗ ಏಳು ಪಾಯಿಂಟ್ ಹಿಂದ ಇದ್ದಾಗ ಎದಿ ಗಟ್ಟಿ ಮಾಡಿ ಹೋಗಾವ ಒಬ್ಬ ಬೇಕಲ್ರಿ?"

ಅದೂ ನಿಜವೇ. 5ನೇ ಆವೃತ್ತಿಯಲ್ಲಿ ಪವನ್ ಗುಜರಾತ್ ತಂಡದಲ್ಲಿದ್ದರು, ಆಡಲು ಸಿಕ್ಕ ಅವಕಾಶ ಬಹಳ ಕಡಿಮೆ. 6ನೇ ಆವೃತ್ತಿಗೆ ತಮ್ಮ ಹಳೆಯ ತಂಡ ಬುಲ್ಸಿಗೆ ಮರಳಿ ಬಂದು 271 ದಾಳಿ ಅಂಕ ಗಳಿಸಿ ಇಡೀ ಲೀಗಿನ ಮುಂಚೂಣಿಯ ದಾಳಿಗಾರರಾದರು. ಕೂತು ಕಾದವನಿಗೆ ಮಾತ್ರ ಗೊತ್ತಾಗುವ ಹಸಿವೊಂದು ಅವರ ಆಟದಲ್ಲಿತ್ತು. ಅದನ್ನು ಕಾಕಾ ಕೂಡ ಒಪ್ಪಿದರು. ಅಲ್ಲಿಗೆ ವಾದ ನಿಲ್ಲುತ್ತದೆ ಎಂದುಕೊಂಡೆ. ಹೋಟೆಲಿನ ಮಾಲೀಕರು ಬಾಗಿಲು ಹಾಕುವ ಹೊತ್ತಾಯಿತು ಎಂದಾಗ ಅದು ಬೀದಿಗೆ ಬಂತು, ಬೀದಿಯಿಂದ ಓಣಿಗೆ ಹೋಯಿತು.

ಬೀದಿಯಲ್ಲಿ ಜೊತೆಗೂಡಿದವರು ನಿವೃತ್ತರಾದ ಪಿ.ಟಿ. ಮಾಸ್ತರು. ಅವರು ಎರಡೂ ಪಕ್ಷದ ಮಾತು ಕೇಳಿ, "ಒಬ್ಬನ ದಿನ ಅಂತ ಒಂದು ಇರ್ತದ. ಅದನ್ನೂ ಒಪ್ಪಬೇಕು" ಎಂದು ಗದಗಿನ ಕ್ರಿಕೆಟಿಗ ಸುನೀಲ ಜೋಶಿಯವರನ್ನು ನೆನೆದರು. ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ನಸುಕಿನಲ್ಲೇ ರೈಲು ಹತ್ತುತ್ತಿದ್ದ ಜೋಶಿ, 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರುಗಳಲ್ಲಿ 6 ಮೇಡನ್ ಮಾಡಿ, ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದಿದ್ದರು. "ಆವತ್ತ ಗದಗಿನ್ಯಾಗ ಯಾರೂ ವಾದ ಮಾಡಲಿಲ್ಲ. ವಾದ ಮಾಡೂ ಹಂಗ ಇರಲಿಲ್ಲ ಅದು" ಎಂದರು ಮಾಸ್ತರು. ಅವರ ದನಿಯಲ್ಲಿ ಜಿಲ್ಲೆಯ ಹೆಮ್ಮೆ ತುಂಬಿತ್ತು. ಆದರೆ ಒಂದು ಹೆಜ್ಜೆ ಮುಂದೆ ಹೋಗಿ ತಾವೇ ಸೇರಿಸಿದರು: "ಬೌಲರ್ ಔಟ್ ಆಗಿ ಹೊರಗ ಕುಂದ್ರಂಗಿಲ್ಲ. ಕಬಡ್ಡಿ ಬ್ಯಾರೆ."

ಹಾಗೆ ನೋಡಿದರೆ ಫುಟ್ಬಾಲಿನಲ್ಲೂ ಇದೇ ಚರ್ಚೆ. ಹಿಂದಿನ ಜುಲೈ ತಿಂಗಳಲ್ಲಿ, ಮಾಸ್ಕೋದಲ್ಲಿ, ಫ್ರಾನ್ಸ್ 4–2ರಿಂದ ಕ್ರೊಯೇಷಿಯಾವನ್ನು ಸೋಲಿಸಿ ವಿಶ್ವಕಪ್ ಗೆದ್ದಿತ್ತು. ಫ್ರಾನ್ಸಿನ ಮುಂಚೂಣಿ ಆಟಗಾರ ಒಲಿವಿಯೆ ಜಿರೂ ಆ ಇಡೀ ವಿಶ್ವಕಪ್ಪಿನಲ್ಲಿ ಗೋಲು ಪೆಟ್ಟಿಗೆಯತ್ತ ನೇರವಾಗಿ ಒಂದು ಚೆಂಡನ್ನೂ ಹೊಡೆದಿರಲಿಲ್ಲ. ಗೋಲು ಹೊಡೆಯಲೆಂದೇ ಇರುವ ಜಾಗದಲ್ಲಿ ಆಡಿದವನು. ಆದರೂ ತರಬೇತುದಾರ ದಿದಿಯೆ ದೆಶಾಂ ಅವನನ್ನು ಕೈಬಿಡಲಿಲ್ಲ. ಎದುರಾಳಿಯ ಎತ್ತರದ ರಕ್ಷಕರನ್ನು ತನ್ನತ್ತ ಸೆಳೆದು ಗ್ರೀಸ್ಮನ್, ಎಂಬಾಪೆಗೆ ಜಾಗ ಬಿಡಿಸಿಕೊಡುವುದು ಅವನ ಕೆಲಸವಾಗಿತ್ತು. ಅಂಕಿಅಂಶದ ಪಟ್ಟಿ ಓದಿದವನಿಗೆ ಅವನು ಸೊನ್ನೆ. ಆಟ ನೋಡಿದವನಿಗೆ ಅಲ್ಲ. ಕಾಲೇಜು ಹುಡುಗ ವಿಶ್ವಕಪ್ ಪೂರ್ತಿ ನೋಡಿದ್ದ. ಈ ಮಾತು ಬಂದಾಗ ಮೊದಲ ಸಲ ಅವನು ತಲೆ ತುರಿಸಿಕೊಂಡ. "ಹೌದ್ರಿ, ಜಿರೂನ್ನ ಎಲ್ಲಾರೂ ಬೈದಿದ್ರು, ಕಪ್ ಗೆದ್ದ ಮ್ಯಾಲ ಸುಮ್ಮಾದ್ರು."

ಮರುದಿನ ಭಾನುವಾರ. ಬೆಳಗ್ಗೆ ಕಾಲಕಾಲೇಶ್ವರನ ಗುಡ್ಡಕ್ಕೆ ಹೋದೆ. ಸುತ್ತಲಿನ ಜನ ದಕ್ಷಿಣ ಕಾಶಿ ಎಂದು ಕರೆಯುವ ಕ್ಷೇತ್ರ. ಮೆಟ್ಟಿಲು ಏರಿ ಹೋದರೆ ಬಂಡೆಯ ಮಡಿಲಲ್ಲಿ ಗುಡಿ, ಪಕ್ಕದಲ್ಲಿ ಅಂತರಗಂಗೆ. ಮರದ ಬೇರಿನ ಸಂದಿಯಿಂದ ನೀರು ಸುರಿಯುತ್ತಲೇ ಇರುತ್ತದೆ. ಹೊಲ ಬಿರಿದ ಆ ವರ್ಷವೂ ಅದು ನಿಂತಿರಲಿಲ್ಲ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಕುಂಚ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿಗೆ ತಾನಾಗಿ ಸುಣ್ಣ ಬಳಿದಿರುತ್ತದೆ ಎಂಬ ನಂಬಿಕೆ ಇಲ್ಲಿನದು. ಬಳಿದದ್ದು ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ಗುಡಿ ಬೆಳ್ಳಗಾದದ್ದನ್ನು ನೋಡಿ ಕೈಮುಗಿಯುತ್ತಾರೆ.

ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳಲು ಕೂತಿದ್ದಾಗ ತಾಯಿ, ಮಗಳು ಜೊತೆಯಾದರು. ಮಗಳು ಪ್ರೌಢಶಾಲೆಯವಳು, ಮೊಣಕೈಯಲ್ಲಿ ಒಣಗಿದ ಗಾಯ. ಬಿದ್ದೆಯೇನವ್ವಾ ಎಂದು ಕೇಳಿದೆ.

"ಬಿದ್ದಿಲ್ಲರಿ, ಕಬಡ್ಡಿ ಆಡ್ತೀನಿ" ಎಂದಳು. ತಾಲೂಕು ಮಟ್ಟದಲ್ಲಿ ಶಾಲೆಯ ಪರವಾಗಿ ಆಡುವವಳು. ಎಡ ಮೂಲೆಯ ಹಿಡಿತ ಅವಳದು.

ರಾತ್ರಿಯ ಪಂದ್ಯ ನೋಡಿದೆಯಾ ಎಂದೆ. ನೋಡಿದ್ದಳು. ಯಾರ ಆಟ ಹಿಡಿಸಿತು ಎಂದಾಗ ಅವಳು ಪವನನ ಹೆಸರನ್ನೇ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಬೇರೆ. "ನಾ ಹಿಡಿಯಾವರ ಕಾಲ ನೋಡ್ತೀನ್ರಿ. ರೇಡರ್ ಬಂದಾಗ ಯಾವ ಕಾಲ ಹಿಂದ ಇಡ್ತಾರ, ಪಕ್ಕದಾಕಿ ಕೈ ಯಾವಾಗ ಬಿಡ್ತಾಳ, ಅದನ್ನ. ನಾ ಮುಂದ ಹೋದ್ರ ಕವರಿನಾಕಿ ನನ್ನ ಹಿಂದ ಬರಬೇಕು. ಆಕಿ ಬರದಿದ್ರ ನಾನೂ ಔಟ್, ಪಾಯಿಂಟೂ ಹೋತು. ಬಂದ್ರ ಹಿಡದಾಕಿ ನಾನು ಅಂತ ಮಂದಿ ಅಂತಾರ. ಆದ್ರ ಹಿಡದದ್ದು ಇಬ್ಬರೂ."

ತಾಯಿ ಹೆಮ್ಮೆಯಿಂದ ಮಗಳ ಜಡೆ ಸರಿ ಮಾಡಿದರು. ನನಗೆ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ನೆನಪಾದರು. ಕರ್ನಾಟಕದ ಈ ಇಬ್ಬರೂ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಅವರ ಹೆಸರು ಆ ಹುಡುಗಿಗೆ ಗೊತ್ತಿತ್ತು. ಹಿಂದಿನ ರಾತ್ರಿ ಹೋಟೆಲಿನಲ್ಲಿ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ, ಮತ್ತು ಅಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಆಟದ ಬಗ್ಗೆ ನಾನು ಆ ಎರಡು ದಿನ ಕೇಳಿದ ಮಾತುಗಳಲ್ಲಿ ಅತ್ಯಂತ ತಿಳಿವಳಿಕೆಯ ಮಾತು ಆ ಹುಡುಗಿಯದು.

ಹೊತ್ತು ಏರುವ ಮೊದಲು ಕೋಟೆಗೆ ಬಂದೆ. ಊರಿನ ನೆತ್ತಿಯ ಗುಡ್ಡದ ಮೇಲೆ ಘೋರ್ಪಡೆ ಮನೆತನದ ಕಾಲದ ಗಟ್ಟಿ ಗೋಡೆ, ಬಾಗಿಲುಗಳು, ನೀರಿನ ಹೊಂಡಗಳು. ಮೇಲಿನಿಂದ ನೋಡಿದರೆ ಒಂದು ಕಡೆ ಊರು, ಇನ್ನೊಂದು ಕಡೆ ಬಯಲು. ಟಿಪ್ಪು ಸುಲ್ತಾನನಿಗೂ ಮರಾಠರಿಗೂ 1787ರಲ್ಲಿ ನಡೆದ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ. ಜಗಳ ಹುಟ್ಟಿದ್ದು ಇಲ್ಲೇ ಹತ್ತಿರದ ನರಗುಂದದಲ್ಲಿ. 1785ರಲ್ಲಿ ಟಿಪ್ಪುವಿನ ಸೇನೆ ಅದನ್ನು ಮುತ್ತಿತು. ಮರಾಠರೂ ನಿಜಾಮನೂ ಒಂದಾಗಿ ಯುದ್ಧಕ್ಕೆ ಬಂದರು. ರಣರಂಗದಲ್ಲಿ ಟಿಪ್ಪು ಹಲವು ಕಡೆ ಮೇಲುಗೈ ಸಾಧಿಸಿದ. ಒಪ್ಪಂದದಲ್ಲಿ ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಹೋದವು, ಜೊತೆಗೆ ಕಪ್ಪಕಾಣಿಕೆ. ಗೆದ್ದವರು ಯಾರು ಎಂದು ಇತಿಹಾಸಕಾರರು ಇವತ್ತಿಗೂ ಒಂದೇ ಉತ್ತರ ಕೊಡುವುದಿಲ್ಲ. ಅವರ ಪುಸ್ತಕಗಳಲ್ಲಿ ಸುಲ್ತಾನ, ಪೇಶ್ವೆ, ನಿಜಾಮ, ಸರದಾರರ ಹೆಸರುಗಳಿವೆ. ಹೊಂಡ ಕಡಿದವರ, ನೀರು ಹೊತ್ತವರ, ಬಾಗಿಲು ಕಾದವರ ಹೆಸರುಗಳಿಲ್ಲ. ಆ ಹೊಂಡದ ನೀರಿಲ್ಲದೆ ಒಂದು ವಾರವೂ ಈ ಕೋಟೆ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಣ್ಣುವಾಗ ಅದೇ ಹುಡುಗರು ಮತ್ತೆ ಸಿಕ್ಕರು. ವಾದ ಇನ್ನೂ ನಡೆದಿತ್ತು. ಈ ಹೊತ್ತಿಗೆ ಅದು ಆ ಆವೃತ್ತಿಯ ಲೆಕ್ಕಗಳಿಗೆ ಬಂದಿತ್ತು. ಉತ್ತರ ಪ್ರದೇಶದ ಯೋಧಾ ತಂಡದ ನಿತೇಶ್ ಕುಮಾರ್ ಆ ವರ್ಷ 100 ಹಿಡಿತದ ಅಂಕ ಗಳಿಸಿದ್ದರು. ಲೀಗಿನ ಒಂದು ಆವೃತ್ತಿಯಲ್ಲಿ ಅಷ್ಟು ಗಳಿಸಿದ ಮೊದಲ ರಕ್ಷಕ ಅವರೇ. ದಾಖಲೆ ಮಾಡಿದ ರಕ್ಷಕನದು 100, ಮುಂಚೂಣಿಯ ದಾಳಿಗಾರನದು 271. ಬಸ್ಸಿನ ಹುಡುಗ ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು, "ರೇಡರ್ ಒಂದ ಸಲಕ್ಕ ಮೂರು ಮಂದೀನ್ನ ಮುಟ್ಟಬಹುದು, ಹಿಡಿಯಾವನಿಗೆ ಹಿಡದ್ರ ಹೆಚ್ಚಾಗಿ ಒಂದ. ಆಟದ ಕಟ್ಟಳೆನ ಹಂಗೈತಿ. ಅದಕ್ಕ ಬರೇ ಪಾಯಿಂಟ್ ನೋಡಿ ಹೇಳಾಕ ಬರಂಗಿಲ್ಲ" ಎಂದ. ಹಿಂದಿನ ರಾತ್ರಿ ಒಬ್ಬನೇ ಗೆಲ್ಲಿಸಿದ ಎಂದವನು ಇವನೇ. ಕಾಕಾ ಅಲ್ಲಿರಲಿಲ್ಲ. ಅವರ ಪ್ರಶ್ನೆ ಮಾತ್ರ ರಾತ್ರಿಯೆಲ್ಲ ಇವನ ತಲೆಯಲ್ಲಿ ಕೆಲಸ ಮಾಡಿತ್ತು.

ನಮ್ಮ ಊರುಗಳ ಈ ಮಾತುಕತೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ಬೆಂಗಳೂರಿನ ಹೆಸರು ಹೊತ್ತ ಆ ತಂಡ ಆ ವರ್ಷ ತವರಿನ ಪಂದ್ಯಗಳನ್ನೂ ಪುಣೆಯಲ್ಲೇ ಆಡಿತ್ತು. ನಾಯಕ ರೋಹಿತ್ ಕುಮಾರ್, ಪವನ್ ಇಬ್ಬರೂ ದಿಲ್ಲಿ ಕಡೆಯವರು. ಗಜೇಂದ್ರಗಡದ ಈ ಹುಡುಗರು ಅವರನ್ನು ಟಿ.ವಿ.ಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಆದರೂ ಆಟ ಅವರದೇ, ಏಕೆಂದರೆ ಅವರು ಅದನ್ನು ಜಾತ್ರೆಯ ಮಣ್ಣಿನಲ್ಲಿ, ಹೊನಲು ಬೆಳಕಿನಲ್ಲಿ ಆಡಿದ್ದಾರೆ. ಮೂಲೆಯಲ್ಲಿ ನಿಂತು ಪೆಟ್ಟು ತಿಂದವನಿಗೆ ಮೂಲೆಯವನ ಬೆಲೆ ಗೊತ್ತು. ಆಡದವನು ಅಂಕ ಎಣಿಸುತ್ತಾನೆ. ಆಡಿದವನು ಆ ಅಂಕ ಎಲ್ಲಿಂದ ಬಂತು ಎಂದು ಕೇಳುತ್ತಾನೆ.

ಆ ಪ್ರಶ್ನೆಗೆ ಮುಂದಿನ ವರ್ಷಗಳೇ ಉತ್ತರ ಕೊಟ್ಟವು. 2019ರಲ್ಲೇ ನಡೆದ 7ನೇ ಆವೃತ್ತಿಯಲ್ಲಿ ಪವನ್ ಇನ್ನೂ ಚೆನ್ನಾಗಿ ಆಡಿದರು: 346 ದಾಳಿ ಅಂಕ, ಲೀಗಿನಲ್ಲೇ ಎಲ್ಲರಿಗಿಂತ ಹೆಚ್ಚು. ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ಗಳಿಸಿ, ಪ್ರದೀಪ್ ನರ್ವಾಲ್ ಹೆಸರಿನಲ್ಲಿದ್ದ 34 ಅಂಕಗಳ ದಾಖಲೆ ಮುರಿದರು. ಎರಡೇ ವಾರದ ನಂತರ ಸೆಮಿಫೈನಲಿನಲ್ಲಿ ಬುಲ್ಸ್ ದಬಂಗ್ ದಿಲ್ಲಿಗೆ 44–38ರಿಂದ ಸೋತಿತು. 271 ಅಂಕದ ವರ್ಷ ಕಪ್ ಬಂತು, 346 ಅಂಕದ ವರ್ಷ ಬರಲಿಲ್ಲ.

ಆ ಆವೃತ್ತಿಯ ಫೈನಲಿನ ಕತೆ ಇನ್ನೂ ಸ್ಪಷ್ಟ. ದಿಲ್ಲಿಯ ನವೀನ್ ಕುಮಾರ್ 18 ಅಂಕ ಗಳಿಸಿದರು. ಬಂಗಾಲ್ ವಾರಿಯರ್ಸಿನ ನಾಯಕ, ಅವರ ಅತಿ ದೊಡ್ಡ ದಾಳಿಗಾರ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಗೆದ್ದದ್ದು ಬಂಗಾಲ್, 39–34ರಿಂದ. ಆ ತಂಡದ ತರಬೇತುದಾರ ನಮ್ಮ ಕರ್ನಾಟಕದ ಬಿ.ಸಿ. ರಮೇಶ್, ಭಾರತಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದವರು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಮೊದಲ ಕಪ್ ಎತ್ತಿದಾಗಲೂ ತರಬೇತುದಾರರು ಅವರೇ. ಎರಡು ಬೇರೆ ಬೇರೆ ತಂಡಗಳಿಗೆ ಕಪ್ ತಂದುಕೊಟ್ಟ ಈ ಕನ್ನಡಿಗನ ಹೆಸರು ನಮ್ಮ ಚಹಾದಂಗಡಿಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆ?

ಬುಲ್ಸ್ ತಂಡದ್ದೇ ಇನ್ನೊಂದು ಉದಾಹರಣೆ. 11ನೇ ಆವೃತ್ತಿಗೆ ಪ್ರದೀಪ್ ನರ್ವಾಲರನ್ನೇ ಬುಲ್ಸ್ ಕರೆತಂದಿತು. ಲೀಗಿನ ಇತಿಹಾಸದಲ್ಲಿ ಅವರಷ್ಟು ದಾಳಿ ಅಂಕ ಗಳಿಸಿದವರು ಇನ್ನೊಬ್ಬರಿರಲಿಲ್ಲ. 12 ತಂಡಗಳಲ್ಲಿ ಬುಲ್ಸ್ ಕೊನೆಯ ಸ್ಥಾನಕ್ಕೆ ಇಳಿಯಿತು. ಹೆಸರು ದೊಡ್ಡದಿದ್ದರೂ ಆ ಹೆಸರನ್ನು ಮತ್ತೆ ಮತ್ತೆ ಒಳಗೆ ಕರೆತರುವ ಕೈಗಳು ಒಂದಾಗದಿದ್ದರೆ ಆಗುವುದು ಇದೇ. 2019ರ ಜನವರಿಯ ಆ ರಾತ್ರಿಯ ಬಳಿಕ, 2025ರ 12ನೇ ಆವೃತ್ತಿ ಮುಗಿದರೂ, ಬುಲ್ಸ್ ಮತ್ತೆ ಕಪ್ ಎತ್ತಿಲ್ಲ.

ಇದರಿಂದ ಪವನ್ ಸೆಹ್ರಾವತರ ಆಟ ಸಣ್ಣದಾಗುವುದಿಲ್ಲ. ಏಳು ಅಂಕ ಹಿಂದಿದ್ದಾಗ ಫೈನಲಿನಲ್ಲಿ 22 ಗಳಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ, ಅದಕ್ಕೆ ಸಲ್ಲುವ ಚಪ್ಪಾಳೆ ಪೂರ್ತಿ ಸಲ್ಲಲಿ. ನಾನು ಹೇಳುವುದು ಇಷ್ಟೇ: ಆ ಚಪ್ಪಾಳೆ ಅವರಲ್ಲಿಗೇ ನಿಂತರೆ ನಾವು ಆಟವನ್ನು ಅರ್ಧ ಮಾತ್ರ ನೋಡಿದಂತೆ. ನಮ್ಮ ಹುಡುಗರು ಆಟ ಕಲಿಯುವುದು ನಾವು ಯಾರನ್ನು ಹೊಗಳುತ್ತೇವೆ ಎಂಬುದನ್ನು ನೋಡಿ. ದಾಳಿಗಾರನನ್ನಷ್ಟೇ ಹೊಗಳಿದರೆ ಊರಿನ ಪ್ರತಿ ಹುಡುಗನೂ ದಾಳಿಗೆ ಹೋಗಲು ಮುಂದೆ ಬರುತ್ತಾನೆ, ಮೂಲೆಗೆ ನಿಲ್ಲಲು ಯಾರೂ ಸಿಗುವುದಿಲ್ಲ. ಹೆಣ್ಣುಮಕ್ಕಳ ಆಟವನ್ನು ನೋಡದೆ ಹೋದರೆ ಕಾಲಕಾಲೇಶ್ವರನ ಮೆಟ್ಟಿಲ ಮೇಲೆ ನಾನು ಕಂಡಂಥ ಮೂಲೆಯ ಹಿಡಿತಗಾರ್ತಿ ಎಸ್ಸೆಸ್ಸೆಲ್ಸಿ ಮುಗಿಸಿ ಆಟ ಬಿಟ್ಟುಬಿಡುತ್ತಾಳೆ.

ಹೊನಲು ಬೆಳಕಿನ ಪಂದ್ಯಾವಳಿ ನಡೆಸುವ ಯುವಕ ಮಂಡಲಗಳಿಗೆ, ಜಾತ್ರಾ ಸಮಿತಿಗಳಿಗೆ ನನ್ನದೊಂದು ವಿನಂತಿ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ ಎಂಬ ಬಹುಮಾನಗಳ ಜೊತೆ ಇನ್ನೊಂದು ಬಹುಮಾನ ಇಡಿ: ಔಟಾಗಿ ಕೂತ ಜೊತೆಗಾರರನ್ನು ಅತಿ ಹೆಚ್ಚು ಸಲ ಒಳಗೆ ಕರೆತಂದವರಿಗೆ. ಇದಕ್ಕೆ ಹೊಸ ಯಂತ್ರ ಬೇಡ, ಖರ್ಚಿಲ್ಲ. ಅಂಕ ಬರೆಯುವವರ ಹಾಳೆಯಲ್ಲಿ ಯಾರು ಯಾವಾಗ ಔಟಾದರು, ಯಾರು ಯಾವಾಗ ಮರಳಿದರು ಎಂಬುದು ಹೇಗೂ ಇರುತ್ತದೆ. ಹುಡುಗಿಯರ ಪಂದ್ಯಗಳಿಗೂ ಅದೇ ಅಂಕಣ, ಅದೇ ಬೆಳಕು, ಅದೇ ಬಹುಮಾನ ಇರಲಿ.

ಓದುಗರಿಗೂ ಒಂದು ಮಾತು. ಮುಂದಿನ ಪಂದ್ಯ ಕಬಡ್ಡಿಯದಾಗಲಿ, ಫುಟ್ಬಾಲಿನದಾಗಲಿ, ಮುಗಿದ ಮೇಲೆ ನಾಲ್ಕು ಜನ ಕೂತು ಗೆಲ್ಲಿಸಿದವರು ಯಾರು ಎಂದು ವಾದಿಸುವಾಗ ನಿಮ್ಮ ಮೆಚ್ಚಿನ ಆಟಗಾರನ ಹೆಸರನ್ನು ಮೊದಲು ಹೇಳಿ. ಆ ಮೇಲೆ, ಅವನನ್ನು ಒಳಗೆ ಕರೆತಂದ ಒಬ್ಬರ ಹೆಸರನ್ನೂ ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಿ.